ಗ್ರಿಪ್ ಇದೆ, ವಯಸ್ಸಾಗಿದೆ: ಮನೆ ಹೊತ್ತ ಪಿಕಪ್‌ಗೆ ಹೊಸ ಟೈರ್ ಯಾವಾಗ?

ಪಿಕಪ್ ಬೆನ್ನಿನ ಮೇಲೆ ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಎಲ್ಲ ಕಟ್ಟಿಸಿಕೊಂಡು ಊರೂರು ಸುತ್ತುವವರು ತುಮಕೂರು, ಕೋಲಾರದ ಕಡೆಯೂ ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಗಾಡಿಗೆ ನಾಲ್ಕೈದು ವರ್ಷ ಆಗುತ್ತಿದ್ದಂತೆ ಎಲ್ಲರದ್ದೂ ಒಂದೇ ಗೊಂದಲ. "ಓಡಿರೋದೇ ಇಪ್ಪತ್ತೈದು ಸಾವಿರ ಕಿಲೋಮೀಟರ್. ಟೈರಲ್ಲಿ ಗ್ರಿಪ್ ಹಾಗೇ ಇದೆ. ಅಂಗಡಿಯವರು ಐದನ್ನೂ ಬದಲಾಯಿಸಿ ಅಂತಾರೆ, ಮೆಕ್ಯಾನಿಕ್ ಇನ್ನೂ ಎರಡು ವರ್ಷ ಏನೂ ಆಗಲ್ಲ ಅಂತಾರೆ. ಯಾರ ಮಾತು ಕೇಳೋಣ?" ಮೊಬೈಲ್ ಕ್ಯಾಂಟೀನ್ ಇಟ್ಟವರು, ಜಾತ್ರೆಯಿಂದ ಜಾತ್ರೆಗೆ ಬೆಂಡು ಬತ್ತಾಸಿನ ಅಂಗಡಿ ಹೊತ್ತು ಹೋಗುವವರು, ಸೌಂಡ್ ಸಿಸ್ಟಂ ಗಾಡಿಯವರು ಕೇಳುವುದೂ ಇದನ್ನೇ.

ಈ ಗಾಡಿಗಳಿಗೆಲ್ಲ ಸಮಾನವಾದ ಒಂದು ಗುಣ ಇದೆ. ಓಡುವುದು ಕಡಿಮೆ, ನಿಲ್ಲುವುದು ಹೆಚ್ಚು, ಹೊರೆ ಮಾತ್ರ ಹಗಲೂ ರಾತ್ರಿ ಇಳಿಯುವುದೇ ಇಲ್ಲ. ಕೋಲಾರದ ಎಪಿಎಂಸಿಗೆ ದಿನಾ ಟೊಮೆಟೊ ಕ್ರೇಟ್ ಹೊಡೆಯುವ ಪಿಕಪ್‌ನ ಟೈರು ಹಳತಾಗುವ ಮೊದಲೇ ಸವೆದು ಹೋಗುತ್ತದೆ. ಆ ಗಾಡಿಯವರು "ಬೋಳಾದ ಮೇಲೆ ಬದಲಾಯಿಸಿದರಾಯ್ತು" ಎಂದರೆ ಅವರ ಮಟ್ಟಿಗೆ ಅದು ಸರಿಯಾದ ಮಾತು. ಮನೆ ಹೊತ್ತ ಗಾಡಿಗೆ ಅದೇ ಮಾತು ಅಪಾಯ. ನಮ್ಮ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಮುದಿಯಾದದ್ದು ಗ್ರಿಪ್ ನೋಡಿದರೆ ಗೊತ್ತಾಗುವುದಿಲ್ಲ. ಹಾಗಾಗಿ ನಿರ್ಧಾರಕ್ಕೆ ಬೇರೆ ಅಳತೆಗಳು ಬೇಕು. ಮೊದಲು ಅವನ್ನು ನೋಡಿ, ಆಮೇಲೆ ಎದುರಿಗಿರುವ ದಾರಿಗಳನ್ನು ತೂಗೋಣ.

ಹುಟ್ಟಿದ ದಿನ

ಟೈರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ನೋಡಿ. 3219 ಎಂದಿದ್ದರೆ 2019ನೇ ಇಸವಿಯ 32ನೇ ವಾರ, ಅಂದರೆ ಆಗಸ್ಟ್ ತಿಂಗಳಲ್ಲಿ ಅದು ತಯಾರಾಯಿತು. ಈ ನಾಲ್ಕು ಅಂಕಿ ಎಷ್ಟೋ ಟೈರುಗಳಲ್ಲಿ ಒಂದೇ ಬದಿಗೆ ಇರುತ್ತವೆ, ಆ ಬದಿ ಒಳಕ್ಕೆ ಬಂದಿದ್ದರೆ ಗಾಡಿ ಕೆಳಗೆ ನುಸುಳಿ ಟಾರ್ಚ್ ಹಾಕಿ ಓದಬೇಕು. ನೀವು ಕೊಂಡ ದಿನದಿಂದಲ್ಲ, ಈ ದಿನದಿಂದ ವಯಸ್ಸು ಎಣಿಸಿ. ಸ್ಟೆಪ್ನಿಯದ್ದನ್ನೂ ಓದಿ.

ಹಲವು ಟೈರ್ ಕಂಪನಿಗಳು ಹೇಳುವ ಲೆಕ್ಕ ಇದು: ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ, ತಯಾರಾಗಿ ಹತ್ತು ವರ್ಷ ಆದರೆ ಹೇಗೇ ಇರಲಿ ತೆಗೆದುಹಾಕಿ. ಕೆಲವು ವಾಹನ ತಯಾರಕರು ಇನ್ನೂ ಬಿಗಿ, ಆರೇ ವರ್ಷ ಎನ್ನುತ್ತಾರೆ. ಹತ್ತು ಎನ್ನುವುದು ಕೊನೆಯ ಗಡಿ. ನೆರಳಲ್ಲಿ ನಿಂತು ಹಗುರವಾಗಿ ಓಡುವ ಕಾರಿಗೆ ಅಲ್ಲಿಯವರೆಗೆ ಹೋಗುವ ಭಾಗ್ಯ ಇರಬಹುದು. ಬಿಸಿಲಲ್ಲಿ ನಿಲ್ಲುವ, ತುಂಬು ಹೊರೆಯ ಗಾಡಿಗೆ ನಾನು ಏಳಕ್ಕೆ ಗೆರೆ ಎಳೆಯುತ್ತೇನೆ. ಐದರೊಳಗೆ ಇದ್ದರೆ ನಿರಾಳ, ಏಳು ದಾಟಿದರೆ ಚರ್ಚೆಯೇ ಬೇಡ. ಐದರಿಂದ ಏಳರ ನಡುವೆ ಇರುವವರಿಗೇ ಈ ಬರಹದ ಉಳಿದ ಭಾಗ ಹೆಚ್ಚು ಬೇಕಾಗುವುದು.

ಟೈರು ನಿಂತಲ್ಲೇ ಯಾಕೆ ಹಾಳಾಗುತ್ತದೆ? ರಬ್ಬರಿನಲ್ಲಿ ಬಿರುಕು ತಡೆಯುವ ಮೇಣ, ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಗಾಡಿ ಓಡುವಾಗ ಟೈರು ಬಾಗಿ ಏಳುತ್ತಾ ಇರುವುದರಿಂದ ಅವು ಮೇಲ್ಮೈಗೆ ಬಂದು ಕಾಪಾಡುತ್ತವೆ. ನಿಂತ ಗಾಡಿಯಲ್ಲಿ ಅವು ಹಾಗೆ ಮೇಲೆ ಬರುವುದಿಲ್ಲ, ಬಿಸಿಲು ಮತ್ತು ಗಾಳಿಯ ಓಜೋನ್ ಸೇರಿ ಪಕ್ಕದ ರಬ್ಬರನ್ನು ಸೀಳುತ್ತವೆ. ಇದು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೇ ಹೆಚ್ಚು ಕೆಟ್ಟದ್ದು. ಒಳಗೆ ಒತ್ತಡದಲ್ಲಿರುವ ಗಾಳಿ ನಿಧಾನವಾಗಿ ರಬ್ಬರಿನ ಮೂಲಕವೇ ಹೊರಕ್ಕೆ ಜಿನುಗುತ್ತದೆ. ಅದರಲ್ಲಿನ ಆಮ್ಲಜನಕ ಉಕ್ಕಿನ ತಂತಿಯ ಪದರಗಳ ನಡುವೆ ಇರುವ ರಬ್ಬರನ್ನು ಗಡಸು ಮಾಡುತ್ತಾ ಬರುತ್ತದೆ. ಆ ಪದರಗಳ ಅಂಚಿನಲ್ಲಿ ಸಣ್ಣ ಬಿರುಕು ಹುಟ್ಟಿ, ಹೊರೆ ಮತ್ತು ವೇಗ ಎರಡೂ ಕೂಡಿದ ದಿನ ಮೇಲಿನ ಪಟ್ಟಿ ಪೂರ್ತಿ ಕಿತ್ತು ಬರುತ್ತದೆ. ಹೆದ್ದಾರಿ ಬದಿಯಲ್ಲಿ ಹಾವಿನ ಹಾಗೆ ಬಿದ್ದಿರುವ ಕಪ್ಪು ಪಟ್ಟಿಗಳಲ್ಲಿ ಇಂಥವೂ ಇರುತ್ತವೆ.

ಶಾಖ ಹೆಚ್ಚಾದಷ್ಟೂ ಇದೆಲ್ಲ ಬೇಗ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಪಟ್ಟಿ ಕಳಚುವ ದೋಷಕ್ಕೆ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡ ದೊಡ್ಡ ಪ್ರಕರಣ ನಡೆಯಿತು. ಆ ದೂರುಗಳು ಹೆಚ್ಚಾಗಿ ಬಂದದ್ದು ಬಿಸಿಲು ಜಾಸ್ತಿ ಇರುವ ದಕ್ಷಿಣದ ರಾಜ್ಯಗಳಿಂದ. ನಮ್ಮಲ್ಲಿ ಬಿಸಿಲಿಗೇನು ಬರ? ದೇಶದ ದೊಡ್ಡ ಸೋಲಾರ್ ಪಾರ್ಕುಗಳಲ್ಲೊಂದನ್ನು, 2,050 ಮೆಗಾವಾಟಿನದ್ದನ್ನು, ಹಾಕಲು ಪಾವಗಡವನ್ನು ಆರಿಸಿಕೊಂಡರು. ಆ ತಾಲ್ಲೂಕಿನಲ್ಲಿ ಶೆಡ್ಡಿಲ್ಲದೆ ನಿಂತ ಗಾಡಿಯ ಟೈರಿಗೂ ಮರದ ನೆರಳಲ್ಲಿ ನಿಂತ ಗಾಡಿಯ ಟೈರಿಗೂ ವಯಸ್ಸು ಒಂದೇ ಇದ್ದರೂ ಆರೋಗ್ಯ ಒಂದೇ ಇರುವುದಿಲ್ಲ.

ಹೊರೆ: ಎಲ್ಲರೂ ಬಿಡುವ ಲೆಕ್ಕ

ಟೈರಿನ ಸೈಜ್ ಪಕ್ಕದಲ್ಲಿ 104 ಅಥವಾ 112 ಎಂಬಂಥ ಒಂದು ಸಂಖ್ಯೆ ಇರುತ್ತದೆ. ಅದು ಲೋಡ್ ಇಂಡೆಕ್ಸ್. 100 ಎಂದರೆ ಒಂದು ಟೈರು 800 ಕೆಜಿ ಹೊರಬಲ್ಲದು, 104 ಎಂದರೆ 900, 108 ಎಂದರೆ 1,000, 112 ಎಂದರೆ 1,120 ಕೆಜಿ. 112/110 ಎಂದು ಎರಡು ಸಂಖ್ಯೆ ಇದ್ದರೆ ಮೊದಲನೆಯದು ಒಂಟಿ ಟೈರಿಗೆ, ಎರಡನೆಯದು ಹಿಂದೆ ಜೋಡಿ ಟೈರು ಹಾಕಿದ ಗಾಡಿಗೆ.

ಈಗ ನಿಮ್ಮ ಗಾಡಿ ನಿಜವಾಗಿ ಎಷ್ಟು ತೂಗುತ್ತದೆ ಎಂದು ನೋಡಬೇಕು. ಬಾಡಿ ಕಟ್ಟಿದವರು ಹೇಳಿದ ತೂಕ ಬಿಡಿ. ಪ್ರವಾಸಕ್ಕೆ ಹೊರಡುವ ಹಾಗೆ ನೀರು ತುಂಬಿ, ಸಿಲಿಂಡರ್ ಇಟ್ಟು, ಡೀಸೆಲ್ ಹಾಕಿಸಿ, ಮನೆಯವರನ್ನೂ ಕೂರಿಸಿಕೊಂಡು ಮಾರ್ಕೆಟ್ ಯಾರ್ಡ್ ಅಥವಾ ಇಂಡಸ್ಟ್ರಿಯಲ್ ಏರಿಯಾ ಹತ್ತಿರದ ವೇಬ್ರಿಡ್ಜಿಗೆ ಹೋಗಿ. ಒಮ್ಮೆ ಪೂರ್ತಿ ಗಾಡಿ, ಒಮ್ಮೆ ಹಿಂದಿನ ಚಕ್ರ ಮಾತ್ರ, ಜನ ಇಲ್ಲದ ಹೊತ್ತಾದರೆ ಕೇಳಿಕೊಂಡು ಒಂದು ಬದಿಯ ಚಕ್ರ ಮಾತ್ರ. ಕೊಡುವ ದುಡ್ಡು ಒಂದು ಊಟದ ಖರ್ಚಿಗಿಂತ ಹೆಚ್ಚಾಗುವುದಿಲ್ಲ, ಸಿಗುವ ಮಾಹಿತಿಗೆ ಬೆಲೆ ಕಟ್ಟಲಾಗದು.

ಒಂದು ಬದಿ ಯಾಕೆ? ಉದಾಹರಣೆಗೆ ಹಿಂದಿನ ಆಕ್ಸಲ್ 1,720 ಕೆಜಿ ಬಂತು ಎನ್ನೋಣ. 104ರ ಎರಡು ಟೈರಿಗೆ ಒಟ್ಟು 1,800 ಕೆಜಿ ಶಕ್ತಿ ಇದೆ, ಪಾಸಾಯಿತು ಅನ್ನಿಸುತ್ತದೆ. ಆದರೆ ನೂರು ಲೀಟರ್ ನೀರಿನ ಟ್ಯಾಂಕು, ಬ್ಯಾಟರಿ, ಸಿಲಿಂಡರ್ ಎಲ್ಲ ಎಡಗಡೆಗೇ ಕೂತಿದ್ದರೆ ಎಡ ಟೈರಿನ ಮೇಲೆ 930, ಬಲದ ಮೇಲೆ 790 ಇರಬಹುದು. ಎಡ ಟೈರು ಆಗಲೇ ತನ್ನ ಶಕ್ತಿಗಿಂತ 30 ಕೆಜಿ ಹೆಚ್ಚು ಹೊತ್ತಿದೆ, ಅದೂ ನಿಂತಾಗಲೂ ಓಡುವಾಗಲೂ ವರ್ಷಪೂರ್ತಿ. ಅದೇ ಜಾಗದಲ್ಲಿ 112ರ ಟೈರಿದ್ದರೆ 190 ಕೆಜಿ ಮಿಗುತ್ತದೆ. ಹಳೆ ಟೈರನ್ನು ಇನ್ನೊಂದು ವರ್ಷ ಓಡಿಸಬಹುದೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಮಿಗತೆಯಲ್ಲೇ ಇದೆ. ಶೇಕಡ 15–20ರಷ್ಟು ಮಿಗದಿದ್ದರೆ ಐದು ವರ್ಷ ದಾಟಿದ ಟೈರನ್ನು ನಾನು ನಂಬುವುದಿಲ್ಲ.

ಇನ್ನೊಂದು ವಿಷಯ. ಈ ಶಕ್ತಿ ಪೂರ್ತಿ ಗಾಳಿ ಇದ್ದಾಗ ಮಾತ್ರ. 65 ಪಿಎಸ್‌ಐ ಒತ್ತಡದ ಗಾಳಿಗೆ ಬರೆದ ಅಂಕಿ 45ಕ್ಕೆ ಅನ್ವಯಿಸುವುದಿಲ್ಲ. ಪೆಟ್ರೋಲ್ ಬಂಕಿನ ಹುಡುಗರು ಕಾರಿನ ಲೆಕ್ಕದಲ್ಲಿ 35 ಹೊಡೆದು ಕಳಿಸುತ್ತಾರೆ, ನೀವೇ ಇಳಿದು ಹೇಳಬೇಕು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿ, ಆ ಬಿಸಿಯೇ ಒಳಗಿನ ಪದರ ಬಿಡಿಸುವುದು. ಬೆಳಿಗ್ಗೆ ಗಾಡಿ ತೆಗೆಯುವ ಮೊದಲು, ಟೈರು ತಣ್ಣಗಿದ್ದಾಗ ನೋಡಿ. ಓಡಿ ಬಿಸಿಯಾದ ಮೇಲೆ ಒತ್ತಡ ತಾನಾಗಿ ಏರುತ್ತದೆ, ಅದನ್ನು ನೋಡಿ ಗಾಳಿ ಬಿಡಬೇಡಿ.

ಕಣ್ಣು, ಬೆರಳು, ಪೆನ್ಸಿಲ್

ಹೊರೆ ಇಳಿಸದೆ ಪರೀಕ್ಷಿಸಿ. ಟೈರು ನೆಲಕ್ಕೆ ಊರುವ ಕಡೆ ಪಕ್ಕದ ರಬ್ಬರು ಉಬ್ಬಿ ಹಿಗ್ಗಿರುತ್ತದೆ, ಮೇಲುಗಡೆ ಮುಚ್ಚಿಕೊಂಡಿದ್ದ ಬಿರುಕುಗಳು ಅಲ್ಲಿ ಬಾಯಿ ಬಿಡುತ್ತವೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಕೂದಲೆಳೆಯಂಥ ಗೆರೆಗಳು ಎದ್ದು ಕಾಣುತ್ತವೆ. ಉಗುರು ಎಳೆದು ನೋಡಿ. ಉಗುರು ಜಾರಿ ಹೋದರೆ ಮೇಲ್ಮೈ ಬಿರುಕು, ಸದ್ಯಕ್ಕೆ ಸರಿ. ಉಗುರು ಸಿಕ್ಕಿಕೊಂಡರೆ, ಅಥವಾ ಬಿರುಕು ಗ್ರಿಪ್ಪಿನ ಸಂದಿಯ ತಳದಲ್ಲಿ ಸುತ್ತಲೂ ಓಡಿದ್ದರೆ ಆ ಟೈರಿನ ಕೆಲಸ ಮುಗಿಯಿತು. ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೂ ಅಷ್ಟೇ, ಅವತ್ತೇ ತೆಗೆಯಿರಿ.

ಒಳಗಿನ ಪದರ ಬಿಟ್ಟಿರುವ ಅನುಮಾನ ಇದ್ದರೆ ಚಕ್ರವನ್ನು ಜಾಕಿ ಮೇಲೆ ಎತ್ತಿ. ಇಟ್ಟಿಗೆ ಜೋಡಿಸಿ ಅದರ ಮೇಲೆ ಪೆನ್ಸಿಲ್ ಇಟ್ಟು, ಮೊನೆ ಗ್ರಿಪ್ಪಿಗೆ ಇನ್ನೇನು ತಾಗುವಷ್ಟು ಹತ್ತಿರ ಹಿಡಿಯಿರಿ. ಚಕ್ರವನ್ನು ನಿಧಾನ ತಿರುಗಿಸಿ. ಸಂದು ಒಂದೇ ಸಮ ಇದ್ದರೆ ಒಳ್ಳೆಯದು. ಒಂದು ಜಾಗದಲ್ಲಿ ಮಾತ್ರ ಟೈರು ಎದ್ದು ಬಂದು ಪೆನ್ಸಿಲ್ ತಳ್ಳಿದರೆ ಆ ಕೆಳಗೆ ಏನೋ ಬಿಟ್ಟುಕೊಂಡಿದೆ. ಓಡುವಾಗ ನಲವತ್ತು ಐವತ್ತರ ವೇಗದಲ್ಲಿ ಗಾಡಿ ಕುಲುಕಿ, ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗದಿದ್ದರೆ ಅದೂ ಇದೇ ರೋಗದ ಲಕ್ಷಣ. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಗಾಡಿ ಮೊದಲ ಕೆಲವು ಕಿಲೋಮೀಟರ್ ಕುಲುಕಿ ಆಮೇಲೆ ಸರಿಯಾಗುವುದುಂಟು, ಅದು ಬೇರೆ. ಅದಕ್ಕೆ ಹೆದರಬೇಕಿಲ್ಲ.

ಗ್ರಿಪ್ ವಿಷಯ ಬೇಗ ಮುಗಿಸುತ್ತೇನೆ. ಸಂದಿಯೊಳಗಿನ ಅಡ್ಡಗಟ್ಟೆಗೆ ಸಮ ಬಂದರೆ 1.6 ಮಿಲಿಮೀಟರ್ ಉಳಿದಿದೆ ಎಂದರ್ಥ, ಮುಂದೆ ಓಡಿಸಬಾರದು. ಮಳೆಗಾಲದಲ್ಲಿ ಘಾಟಿ ಇಳಿಯುವವರು ಎತ್ತರದ ಬಾಡಿ ಹೊತ್ತಿದ್ದರೆ 3 ಮಿಲಿಮೀಟರಿಗೇ ಯೋಚಿಸಲಿ.

ದುಡ್ಡಿನ ಲೆಕ್ಕವನ್ನೂ ಇಲ್ಲೇ ಇಟ್ಟುಬಿಡೋಣ. ಒಂದು ಟೈರಿಗೆ 8,000 ಎಂದು ಹಿಡಿದರೆ ಐದಕ್ಕೆ 40,000. ಒಂದೇ ಸಲಕ್ಕೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ಆರು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 555 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ, ಹಾಗಾಗಿ ಹಳೆ ಕೊಟೇಷನ್ ಇಟ್ಟುಕೊಂಡು ಕೂರಬೇಡಿ, ಹೊಸದಾಗಿ ಕೇಳಿ. ಎದುರು ತಕ್ಕಡಿಯಲ್ಲಿ ಇಡಬೇಕಾದದ್ದು ಇನ್ನೊಂದು ಖರ್ಚು: ಓಡುವಾಗ ಕಳಚಿದ ಪಟ್ಟಿ ಬಾರುಕೋಲಿನಂತೆ ಬೀಸಿ ಮಡ್‌ಗಾರ್ಡ್, ಬಾಡಿಯ ತಳ, ನೀರಿನ ಪೈಪು, ವೈರಿಂಗ್ ಎಲ್ಲ ಕಿತ್ತುಹಾಕುತ್ತದೆ. ಜನಕ್ಕೆ ಏನೂ ಆಗದಿದ್ದರೂ ಆ ರಿಪೇರಿಗೆ ಐದು ಟೈರಿನ ದುಡ್ಡು ಸಾಲದೆ ಹೋಗಬಹುದು.

ದಾರಿ ಒಂದು: ಇನ್ನೊಂದು ವರ್ಷ ಓಡಿಸುವುದು

ಇದನ್ನು ಜಿಪುಣತನ ಎಂದು ತಳ್ಳಿಹಾಕುವುದು ತಪ್ಪು. ಟೈರಿಗೆ ಐದು ವರ್ಷದ ಆಸುಪಾಸು, ಮಿಗತೆ ಶೇಕಡ 20, ಬಿರುಕಿಲ್ಲ, ಗಾಡಿ ನಿಲ್ಲುವುದು ಶೆಡ್ಡಿನಲ್ಲಿ, ಹೋಗುವುದು ದೇವರಾಯನದುರ್ಗ, ಸಿದ್ದರಬೆಟ್ಟ, ಹೆಚ್ಚೆಂದರೆ ನಂದಿ ಬೆಟ್ಟ. ಇಷ್ಟೂ ಕೂಡಿದ್ದರೆ ಒಳ್ಳೆ ಟೈರನ್ನು ಬಿಸಾಡುವ ಅಗತ್ಯ ಇಲ್ಲ.

ಆದರೆ ಓಡಿಸುವ ರೀತಿ ಬದಲಾಗಬೇಕು. ಎಪ್ಪತ್ತು ಎಂಬತ್ತರ ಒಳಗೆ ವೇಗ, ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಹೆದ್ದಾರಿ ಬೇಡ, ಊಟದ ಹೊತ್ತಿಗೆ ನಿಂತಾಗ ನಾಲ್ಕೂ ಟೈರಿಗೆ ಅಂಗೈ ತಾಗಿಸಿ ನೋಡುವ ಅಭ್ಯಾಸ. ಒಂದು ಮಾತ್ರ ಉಳಿದವುಗಳಿಗಿಂತ ಹೆಚ್ಚು ಸುಡುತ್ತಿದ್ದರೆ ಗಾಳಿ ಕಡಿಮೆ ಇರಬೇಕು, ಇಲ್ಲವೇ ಬ್ರೇಕ್ ಹಿಡಿದುಕೊಂಡಿರಬೇಕು. ವಾಲ್ವಿಗೆ ತಿರುಗಿಸಿ ಹಾಕುವ ಗಾಳಿಯ ಸೆನ್ಸರುಗಳು ಈಗ ಸುಲಭವಾಗಿ ಸಿಗುತ್ತವೆ, ಹಳೆ ಟೈರು ಉಳಿಸಿಕೊಳ್ಳುವವರಿಗೆ ಅದಕ್ಕಿಂತ ಒಳ್ಳೆ ಖರ್ಚಿಲ್ಲ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ನೀರಿನ ಟ್ಯಾಂಕ್ ಖಾಲಿ ಮಾಡಿ, ಬಿಸಿಲು ಬೀಳುವ ಬದಿಯ ಟೈರಿಗೆ ಗೋಣಿಚೀಲವಾದರೂ ಇಳಿಬಿಡಿ, ಹದಿನೈದು ದಿನಕ್ಕೊಮ್ಮೆ ಒಂದು ಸುತ್ತು ಓಡಿಸಿ.

ದಾರಿ ಎರಡು: ಎರಡು ಮಾತ್ರ ಹೊಸದು

ಹೆಚ್ಚಿನವರು ಕೊನೆಗೆ ಬಂದು ನಿಲ್ಲುವ ದಾರಿ ಇದು, ಹೆಚ್ಚಿನವರು ತಿರುಗುಮುರುಗು ಮಾಡುವ ದಾರಿಯೂ ಇದೇ. ನಮ್ಮ ಕಡೆ ಹೊಸ ಟೈರು ಮುಂದಕ್ಕೆ, ಹಳೆಯದು ಹಿಂದಕ್ಕೆ ಎಂಬುದು ರೂಢಿ. ಮುಂದಿನ ಟೈರು ಸಿಡಿದರೆ ಸ್ಟೀರಿಂಗ್ ಎಳೆಯುತ್ತದೆ ಎಂಬ ಭಯ ಅದಕ್ಕೆ ಕಾರಣ. ಭಯ ಸುಳ್ಳಲ್ಲ. ಆದರೂ ಟೈರ್ ತಯಾರಕರು ಹೊಸ ಜೋಡಿಯನ್ನು ಹಿಂದಕ್ಕೇ ಹಾಕಿ ಎನ್ನುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನ ಟೈರು ಹಿಡಿತ ಬಿಟ್ಟರೆ ಗಾಡಿ ನೇರಕ್ಕೆ ಜಾರುತ್ತದೆ, ವೇಗ ತಗ್ಗಿಸಿದರೆ ಮತ್ತೆ ಹತೋಟಿಗೆ ಬರಬಹುದು. ಹಿಂದಿನದು ಬಿಟ್ಟರೆ ಬಾಲ ತಿರುಗಿ ಗಾಡಿಯೇ ಸುತ್ತುತ್ತದೆ.

ಮನೆ ಹೊತ್ತ ಗಾಡಿಗೆ ಇನ್ನೊಂದು ಕಾರಣವೂ ಸೇರುತ್ತದೆ. ಬಾಡಿಯ ಭಾರ ಬಹುಪಾಲು ಹಿಂದಿನ ಎರಡು ಟೈರಿನ ಮೇಲೆ ಇದೆ. ಹೆಚ್ಚು ಬಿಸಿಯಾಗುವುದು, ಮೊದಲು ಸೋಲುವುದು ಅವೇ. ಎತ್ತರದ ಬಾಡಿಯ ಒಂದು ಹಿಂಬದಿ ಟೈರು ಕುಸಿದರೆ ಗಾಡಿ ಆ ಮೂಲೆಗೆ ವಾಲುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಹಾಗಾದರೆ ಏನು ಎಂದು ಯೋಚಿಸಿ ಹೇಳಿ, ಹೊಸದು ಎಲ್ಲಿರಬೇಕು? ಹಿಂದೆ.

ಈ ದಾರಿ ಯಾವಾಗ ಸರಿ? ಮುಂದಿನ ಜೋಡಿಗೆ ಇನ್ನೂ ಐದೇ ವರ್ಷ, ಕೈಯಲ್ಲಿ ಸದ್ಯ ಇಪ್ಪತ್ತು ಸಾವಿರದ ಒಳಗೆ ದುಡ್ಡು, ಮುಂದಿನ ವರ್ಷ ಉಳಿದವನ್ನು ಕೊಳ್ಳುವುದು ಖಚಿತ ಎಂದಿದ್ದರೆ. ಐದೂ ಒಂದೇ ವಾರ ಹುಟ್ಟಿದವಾಗಿ ಏಳು ವರ್ಷ ಸಮೀಪಿಸಿದ್ದರೆ ಎರಡು ಹಾಕಿಸಿ ಸಮಾಧಾನ ಪಡುವುದರಲ್ಲಿ ಅರ್ಥ ಇಲ್ಲ. ಮುಂದಿನವೂ ಅದೇ ಬಿಸಿಲು ಉಂಡಿವೆ. ಫೋರ್ ವ್ಹೀಲ್ ಡ್ರೈವ್ ಗಾಡಿಯವರು ಹಿಂದೆ ಮುಂದೆ ಬೇರೆ ಬೇರೆ ಎತ್ತರದ ಟೈರು ಹಾಕದಿರಲಿ, ಹೌಸಿಂಗ್ ಒಳಗಿನ ಗೇರುಗಳಿಗೆ ಅದು ಒಳ್ಳೆಯದಲ್ಲ.

ದಾರಿ ಮೂರು: ಐದೂ ಹೊಸದು

ವಯಸ್ಸು ಆರು ದಾಟಿ ದೂರದ ಪ್ರವಾಸ ಮುಂದಿದ್ದರೆ ನನ್ನ ಮತ ಇದಕ್ಕೇ. ಐದೂ ಒಂದೇ ವಯಸ್ಸು, ಒಂದೇ ಕಂಪನಿ, ಒಂದೇ ಶಕ್ತಿ. ಮುಂದಿನ ಐದು ವರ್ಷ ಲೆಕ್ಕ ಇಡುವ ತಲೆನೋವು ಇಲ್ಲ.

ದುಡ್ಡು ಬಿಗಿಯಾದರೆ ಜನ ಮೊದಲು ಕೈಬಿಡುವುದು ಸ್ಟೆಪ್ನಿ. "ಅದು ಒಂದು ದಿನವೂ ಓಡಿಲ್ಲ, ಹೊಸದೇ" ಎನ್ನುತ್ತಾರೆ. ಓಡದಿದ್ದುದೇ ಅದರ ತೊಂದರೆ. ಗಾಡಿ ಕೆಳಗೆ ನೇತಾಡುತ್ತಾ ಸೈಲೆನ್ಸರ್ ಬಿಸಿ, ಧೂಳು, ಕೆಸರು ಎಲ್ಲ ಕುಡಿದಿರುತ್ತದೆ, ಗಾಳಿ ನೋಡಿದವರು ಯಾರೂ ಇರುವುದಿಲ್ಲ. ಏಳು ವರ್ಷದ ಸ್ಟೆಪ್ನಿಯನ್ನು ತುಂಬು ಹೊರೆಯ ಗಾಡಿಯ ಹಿಂದಕ್ಕೆ ಹಾಕಿ ನೂರು ಕಿಲೋಮೀಟರ್ ಓಡಿಸುವುದು ಒಂದು ಅಪಾಯ ತಪ್ಪಿಸಲು ಇನ್ನೊಂದನ್ನು ತಂದುಕೊಂಡ ಹಾಗೆ. ನಾಲ್ಕೇ ಕೊಳ್ಳುವುದಾದರೆ ತೆಗೆದ ನಾಲ್ಕು ಮತ್ತು ಹಳೆ ಸ್ಟೆಪ್ನಿ, ಈ ಐದರಲ್ಲಿ ಬಿರುಕಿಲ್ಲದ ಕಿರಿಯದನ್ನು ಸ್ಟೆಪ್ನಿಗೆ ಇಟ್ಟು, ಹತ್ತಿರದ ಊರು ಮುಟ್ಟುವಷ್ಟಕ್ಕೆ ಮಾತ್ರ ಬಳಸಿ. ಅದೂ ಏಳರ ಗೆರೆಯೊಳಗೆ ಇದ್ದರೆ.

ರೀಸೋಲ್, ಸೆಕೆಂಡ್ ಹ್ಯಾಂಡ್

ರೀಸೋಲ್ ಕೆಟ್ಟ ತಂತ್ರವಲ್ಲ. ಲಾರಿಗಳು, ಸಾರಿಗೆ ಬಸ್ಸುಗಳ ಹಿಂದಿನ ಚಕ್ರಗಳು ಅದನ್ನು ನೆಚ್ಚಿಕೊಂಡೇ ಓಡುತ್ತವೆ. ಅಲ್ಲಿ ಟೈರು ಬೇಗ ಸವೆಯುತ್ತದೆ, ಒಳಗಿನ ಮೈ ಇನ್ನೂ ಎಳೆಯದಿರುತ್ತದೆ, ಹಾಗಾಗಿ ಮೇಲಿನ ಪಟ್ಟಿ ಹೊಸದು ಅಂಟಿಸಿದರೆ ಲಾಭ. ನಮ್ಮ ಟೈರಿನ ಕಷ್ಟ ಅದರ ತದ್ವಿರುದ್ಧ. ಗ್ರಿಪ್ ಇದೆ, ಮೈ ಸೋತಿದೆ. ಜೀರ್ಣವಾದ ಸೀರೆಗೆ ಹೊಸ ಜರಿ ಅಂಚು ಹೊಲಿಸಿದರೆ ಅಂಚು ಉಳಿದು ಸೀರೆ ಹರಿಯುತ್ತದೆ. ಮನೆ ಹೊತ್ತ ಪಿಕಪ್‌ಗೆ ರೀಸೋಲ್ ಬೇಡವೇ ಬೇಡ.

ಸೆಕೆಂಡ್ ಹ್ಯಾಂಡ್ ಬಗ್ಗೆ ಅಷ್ಟು ಕಡ್ಡಿ ಮುರಿದಂತೆ ಹೇಳಲಾರೆ. ಹೊಸ ಗಾಡಿ ಕೊಂಡವರು ಅಗಲದ ಟೈರು ಬೇಕೆಂದು ಕಂಪನಿಯ ಟೈರನ್ನು ಕೆಲವೇ ನೂರು ಕಿಲೋಮೀಟರಿಗೆ ಬಿಚ್ಚಿಸುವುದುಂಟು. ಬೆಂಗಳೂರಿನ ಅಂಗಡಿಗಳಿಂದ ಅಂಥವು ಇತ್ತ ಬರುತ್ತವೆ. ತಾರೀಖು ಹೊಸದಿದ್ದು, ಲೋಡ್ ಇಂಡೆಕ್ಸ್ ನಿಮ್ಮ ವೇಬ್ರಿಡ್ಜ್ ಚೀಟಿಗೆ ಹೊಂದಿದರೆ ಬಜೆಟ್ಟಿನವರಿಗೆ ಇದು ಒಳ್ಳೆ ಅವಕಾಶ. ಆದರೆ ಎಸ್‌ಯುವಿ ಟೈರು ನೋಡಲು ದಪ್ಪ ಎಂದು ಮರುಳಾಗಬೇಡಿ, ಕೆಲವುಗಳ ಶಕ್ತಿ ಪಿಕಪ್ ಟೈರಿಗಿಂತ ಕಡಿಮೆ. ತಾರೀಖು ಅಳಿಸಿದ್ದು, ಕಪ್ಪು ಪಾಲಿಶ್ ಹೊಡೆದು ಮಿರಮಿರ ಮಿಂಚುವುದು, ಬೋಳು ಟೈರಿಗೆ ಬಿಸಿ ಬ್ಲೇಡಿನಲ್ಲಿ ಕಟ್ ಹಾಕಿ ಗ್ರಿಪ್ ಮಾಡಿದ್ದು ಕಂಡರೆ ಆ ಅಂಗಡಿಯಿಂದಲೇ ಹೊರಬನ್ನಿ. ಕಟ್ ಹಾಕಿದ್ದು ಗೊತ್ತಾಗಬೇಕೆಂದರೆ ಸಂದಿಯೊಳಗೆ ನೋಡಿ. ಕಂಪನಿಯ ಅಡ್ಡಗಟ್ಟೆಗಳು ಇರುವುದಿಲ್ಲ, ಅಂಚುಗಳು ಒರಟಾಗಿರುತ್ತವೆ.

ಬದಲಾಯಿಸುವಾಗಲೇ ಒಂದು ಮೆಟ್ಟಿಲು ಮೇಲಕ್ಕೆ

ವೇಬ್ರಿಡ್ಜ್ ಚೀಟಿ ನೋಡಿ ಮಿಗತೆ ಇಲ್ಲವೆಂದು ಗೊತ್ತಾದವರು ಅದೇ ಟೈರನ್ನು ಮತ್ತೆ ಕೊಳ್ಳಬೇಡಿ. ಅದೇ ಸೈಜಿನಲ್ಲಿ ಎಲ್‌ಟಿ (ಲೈಟ್ ಟ್ರಕ್) ಅಥವಾ ಸಿ (ಕಮರ್ಷಿಯಲ್) ಗುರುತಿನ, ಹೆಚ್ಚು ಪ್ಲೈ ರೇಟಿಂಗಿನ (ಪದರಗಳ ಬಲದ ಅಳತೆ) ಟೈರು ಸಿಗುತ್ತದೆಯೇ ಕೇಳಿ. ಬೆಲೆ ಸ್ವಲ್ಪ ಹೆಚ್ಚು, ಖಾಲಿ ಓಡಿದರೆ ಕುಲುಕಾಟ ಹೆಚ್ಚು. ನಮ್ಮ ಗಾಡಿ ಖಾಲಿ ಓಡುವುದೇ ಇಲ್ಲವಲ್ಲ, ಆ ತಕರಾರು ನಮಗಿಲ್ಲ. ಎರಡು ಎಚ್ಚರ ಬೇಕು. ಹೆಚ್ಚು ಒತ್ತಡದ ಟೈರಿಗೆ ಡಿಸ್ಕ್ (ಟೈರು ಕೂರುವ ಲೋಹದ ಚಕ್ರ) ಕೂಡ ತಡೆಯಬೇಕು, ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ, ಅದರ ಮೇಲೆ ಲೋಹದ ವಾಲ್ವ್ ಹಾಕಿಸಿ. ಮತ್ತೆ, ಟೈರಿನ ಶಕ್ತಿ ಹೆಚ್ಚಿದ ಮಾತ್ರಕ್ಕೆ ಗಾಡಿಯ ಶಕ್ತಿ ಹೆಚ್ಚುವುದಿಲ್ಲ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ದಾಟಿದ್ದರೆ ಇಳಿಸಬೇಕಾದದ್ದು ಸಾಮಾನು.

ನೈಲಾನ್ (ಓರೆ ಹೆಣಿಗೆಯ ನೈಲಾನ್ ದಾರದ ಟೈರು) ಬೇಕೋ ರೇಡಿಯಲ್ (ಉಕ್ಕಿನ ತಂತಿ ಪದರದ ಟೈರು) ಬೇಕೋ ಎಂದು ಕೇಳುವ ಕ್ಯಾಂಟೀನ್‌ನವರಿಗೆ: ದಿನಕ್ಕೆ ಊರೊಳಗೆ ನಾಲ್ಕೈದು ಕಿಲೋಮೀಟರ್ ಹೋಗಿ ನಿಲ್ಲುವ ಗಾಡಿಗೆ ನೈಲಾನ್ ಸಾಕು, ಅಗ್ಗ, ಪಕ್ಕ ಗಟ್ಟಿ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವವರಿಗೆ ರೇಡಿಯಲ್ಲೇ ಸರಿ, ಬಿಸಿ ಕಡಿಮೆ.

ಯಾರಿಗೆ ಯಾವುದು

ಬಟವಾಡಿಯಲ್ಲೋ ಕ್ಯಾತ್ಸಂದ್ರದಲ್ಲೋ ಸಂಜೆ ಗಾಡಿ ನಿಲ್ಲಿಸಿ ಊಟ ತಿಂಡಿ ಮಾರುವವರು ಆರು ವರ್ಷದ ಟೈರಿನಲ್ಲಿ ಇನ್ನೊಂದು ವರ್ಷ ನೂಕಬಹುದು, ಬಿರುಕು ಪರೀಕ್ಷೆ ಪಾಸಾಗಿದ್ದರೆ. ವೇಗವೇ ಇಲ್ಲದ ಕಡೆ ಶಾಖವೂ ಇಲ್ಲ. ಮದುವೆಗೆ, ಆರ್ಡರಿಗೆ ಎಂದು ಶಿರಾ, ಚಿತ್ರದುರ್ಗದ ತನಕ ಅದೇ ಗಾಡಿಯಲ್ಲಿ ಹೋಗುವುದಿದ್ದರೆ ಈ ರಿಯಾಯಿತಿ ಇಲ್ಲ.

ವರ್ಷಕ್ಕೆ ಎರಡು ಮೂರು ಸಲ ಮಕ್ಕಳ ರಜೆಗೆ ಮಲೆನಾಡು, ಕರಾವಳಿಗೆ ಹೋಗುವ ಕುಟುಂಬದವರು ಐದು ಆಗುತ್ತಿದ್ದಂತೆ ತೂಗಿಸಲಿ, ಮಿಗತೆ ಇದ್ದರೆ ಆರರವರೆಗೆ ಹೋಗಲಿ, ಆಗ ಹಿಂದಿನ ಎರಡು, ಮರುವರ್ಷ ಉಳಿದ ಮೂರು. ಮಿಗತೆ ಇಲ್ಲದಿದ್ದರೆ ಐದಕ್ಕೇ ಹೆಚ್ಚು ಶಕ್ತಿಯ ಸೆಟ್ ಹಾಕಿಸಿದರೆ ದುಡ್ಡು ವ್ಯರ್ಥವಾಗುವುದಿಲ್ಲ.

ನಿವೃತ್ತಿಯಾಗಿ ಗಂಡ ಹೆಂಡತಿ ರಾಜಸ್ಥಾನ, ಲಡಾಖ್ ಎಂದು ತಿಂಗಳುಗಟ್ಟಲೆ ಹೊರಡುವವರು ದಯವಿಟ್ಟು ಐದು ವರ್ಷ ದಾಟಿದ ಟೈರಿನಲ್ಲಿ ಹೊರಡಬೇಡಿ. ಅಲ್ಲಿ ನಿಮ್ಮ ಸೈಜ್ ಸಿಗುವ ಅಂಗಡಿ ಹುಡುಕುವುದೇ ಒಂದು ಪ್ರಯಾಣವಾಗುತ್ತದೆ. ತೆಗೆದ ಟೈರಿನಲ್ಲಿ ಜೀವ ಉಳಿದಿದ್ದರೆ ಊರೊಳಗೆ ಓಡಿಸುವವರಿಗೆ ಕೊಡಿ, ವಯಸ್ಸು ಮುಚ್ಚಿಡದೆ ಹೇಳಿ ಕೊಡಿ.

ಜಾತ್ರೆ ವ್ಯಾಪಾರದವರ ಲೆಕ್ಕ ಕಾಲಕ್ಕೆ ಕಟ್ಟುಬಿದ್ದದ್ದು. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ಆಮೇಲೆ ಬೇಸಿಗೆಯಿಡೀ ಊರೂರ ತೇರು. ಟೈರಿಗೆ ಅತಿ ಕಷ್ಟದ ತಿಂಗಳುಗಳೂ ಅವೇ. ಬದಲಾಯಿಸುವುದಿದ್ದರೆ ಶಿವರಾತ್ರಿಗೆ ಮುಂಚೆ. ಸೀಸನ್ ಮುಗಿಸಿ ದುಡ್ಡು ಬಂದ ಮೇಲೆ ನೋಡೋಣ ಎನ್ನುವುದು ಅರ್ಥವಾಗುವ ಮಾತು, ಆದರೆ ಆಗ ಅಪಾಯದ ತಿಂಗಳುಗಳು ಹಳೆ ಟೈರಿನಲ್ಲೇ ಕಳೆದಿರುತ್ತವೆ. ಆಗದಿದ್ದರೆ ಹಿಂದಿನ ಎರಡನ್ನಾದರೂ ಮೊದಲು ಹಾಕಿಸಿ.

ಅಂಗಡಿಯಲ್ಲಿ

ಕೊಳ್ಳುವ ದಿನ ಟೈರು ಡಿಸ್ಕಿಗೆ ಏರುವ ಮೊದಲೇ ತಾರೀಖು ಓದಿ. ಆರು ತಿಂಗಳ ಒಳಗಿನದು ಕೇಳಿ. ವರ್ಷ ದಾಟಿದ್ದನ್ನು "ಸ್ಟಾಕ್ ಇದೇ ಇರೋದು" ಎಂದರೆ ಎರಡು ದಿನ ಕಾಯುತ್ತೇನೆ ಎನ್ನಿ. ನಿಮಗೆ ವಯಸ್ಸೇ ಮುಖ್ಯವಾದ್ದರಿಂದ ಟೈರು ಅಂಗಡಿಯಲ್ಲೇ ಕೂತು ಕಳೆದುಕೊಂಡ ಒಂದೊಂದು ವರ್ಷವೂ ನಿಮ್ಮ ಜೇಬಿನದ್ದೇ. ಐಎಸ್‌ಐ ಗುರುತು ನೋಡಿ, ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಹಳೆ ವಾಲ್ವ್ ಹಾಗೇ ಬಿಡಲು ಒಪ್ಪಬೇಡಿ. ಅಲೈನ್‌ಮೆಂಟನ್ನು ಮನೆಯ ಹೊರೆ ಇದ್ದ ಹಾಗೇ ಮಾಡಿಸಿ. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸುವುದು ಕಡ್ಡಾಯ.

ತೆಗೆದ ಟೈರು ಏಳು ದಾಟಿದ್ದರೆ ಅದನ್ನು ಇನ್ನೊಂದು ಪಿಕಪ್‌ನವರಿಗೆ ಮಾರಬೇಡಿ. ಎತ್ತಿನ ಗಾಡಿಗೆ ಕೇಳುವ ರೈತರು ಮಧುಗಿರಿ, ಕೊರಟಗೆರೆ ಕಡೆ ಈಗಲೂ ಇದ್ದಾರೆ, ಎತ್ತು ನಡೆಯುವ ವೇಗಕ್ಕೆ ಆ ಟೈರು ಇನ್ನೂ ವರ್ಷಗಟ್ಟಲೆ ಬಾಳುತ್ತದೆ. ಅವರಿಗೂ ಬೇಡದ್ದನ್ನು ಪಕ್ಕ ಕೊಯ್ದು ಗುಜರಿಗೆ ಹಾಕಿ, ಮತ್ತೆ ಪಾಲಿಶ್ ಹೊಡೆಸಿಕೊಂಡು ಯಾರ ಗಾಡಿಗೂ ಏರದ ಹಾಗೆ.